ರೇವುಪಟ್ಟಣದಲ್ಲಿ ಮನೆಗೆ ನೆಲೆ ನೋಡುವುದು

ಕನ್ನಡದಲ್ಲಿ 'ನೆರೆ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಪಕ್ಕದ ಮನೆ, ಸುತ್ತಲಿನ ಬೀದಿ ಎಂಬುದು ಒಂದು. ಹೊಳೆ ಉಕ್ಕಿ ಅಂಗಳಕ್ಕೆ ಬರುವ ನೀರು ಎಂಬುದು ಇನ್ನೊಂದು. ಮನೆಯನ್ನು ಕೊಳ್ಳಹೊರಟವರು ಮೊದಲನೆಯ ಅರ್ಥದ ನೆರೆಯನ್ನು ವಿಚಾರಿಸದೆ ಇರುವುದಿಲ್ಲ. ಶಾಲೆ ಎಷ್ಟು ದೂರ, ಬಸ್ಸು ಎಲ್ಲಿ ನಿಲ್ಲುವುದು, ಪಕ್ಕದವರು ಎಂತಹವರು ಎಂದು ಕೇಳಿಯೇ ಕೇಳುವರು. ಎರಡನೆಯ ಅರ್ಥದ ನೆರೆಯನ್ನು ಮಾತ್ರ ಬಹುಮಂದಿ ಜೂನ್ ತಿಂಗಳಲ್ಲಿ, ಕ್ರಯಪತ್ರವು ನೋಂದಣಿಯಾದ ಮೇಲೆ, ಮೊದಲ ಬಾರಿಗೆ ಕಾಣುವರು.

ಮನೆ ಕೊಳ್ಳುವುದು ಹಿರಿಯರ ವ್ಯವಹಾರ, ಇದರಲ್ಲಿ ನಮ್ಮ ಪಾಲೇನು ಎಂದು ವಿದ್ಯಾರ್ಥಿಗಳಾದ ವಾಚಕರು ಕೇಳಬಹುದು. ಹಣವು ಹಿರಿಯರದೆಂಬುದು ನಿಜ. ಆದರೆ ನೆಲದ ಇಳಿಜಾರು, ಬಾವಿಯ ನೀರು, ಗಾಳಿ ಬೀಸುವ ದಿಕ್ಕು, ಗುಡ್ಡದ ಮಣ್ಣು ಇವುಗಳನ್ನು ಕುರಿತ ಪಾಠಗಳನ್ನು ಈಚೆಗೆ ಓದಿದವರು ನೀವು. ಮನೆ ಚೆನ್ನಾಗಿಲ್ಲವಾದರೆ ಗೋಡೆಗೆ ಸುಣ್ಣ ಬಳಿಸಬಹುದು, ಮಾಡನ್ನು ಬದಲಿಸಬಹುದು. ಅದು ನಿಂತ ನೆಲವನ್ನಾಗಲಿ, ಅದರ ಮೇಲೆ ಬೀಸುವ ಗಾಳಿಯನ್ನಾಗಲಿ ಬದಲಿಸುವುದಕ್ಕೆ ಯಾವ ಮೇಸ್ತ್ರಿಯಿಂದಲೂ ಆಗದು. ಒಂದು ಕುಟುಂಬದ ಮೂವತ್ತು ವರ್ಷಗಳ ಉಳಿತಾಯವು ಒಂದು ಭಾನುವಾರದ ನೋಟದಲ್ಲಿ ತೀರ್ಮಾನವಾಗುವುದುಂಟು. ಆ ನೋಟದಲ್ಲಿ ಒಂದೆರಡು ಕಣ್ಣುಗಳು ವಿಜ್ಞಾನ ಬಲ್ಲವಾಗಿದ್ದರೆ ಒಳಿತು.

ಮಂಗಳೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಘಟ್ಟದ ಮೇಲಿನ ಬಯಲುಸೀಮೆಯಿಂದ ಬಂದ ಒಬ್ಬ ಉಪಾಧ್ಯಾಯರನ್ನೂ, ಕಾಲೇಜಿನಲ್ಲಿ ಓದುತ್ತಿರುವ ಅವರ ಮಗಳನ್ನೂ ಊಹಿಸಿಕೊಳ್ಳೋಣ. ಜನವರಿಯ ಒಂದು ಭಾನುವಾರ ಅವರಿಗೆ ಮೂರು ಮನೆಗಳನ್ನು ತೋರಿಸಲಾಗಿದೆ. ಒಂದು, ನಗರದ ನಡುವೆ ಸಮತಟ್ಟಾದ ನೆಲದಲ್ಲಿ, ಅಂಗಡಿ ಶಾಲೆಗಳಿಗೆ ಹತ್ತಿರ. ಎರಡನೆಯದು ಗುಡ್ಡದ ಅಂಚಿನಲ್ಲಿ. ಮಹಡಿಯಿಂದ ಕಡಲು ಕಾಣುವುದು. ಮೂರನೆಯದು ಉತ್ತರದಲ್ಲಿ, ಹೆದ್ದಾರಿಯ ಬದಿಗೆ, ಬಂದರಿಗೆ ಹೋಗುವ ದಾರಿಯಲ್ಲಿ. ಬೆಲೆ ಎಲ್ಲಕ್ಕಿಂತ ಕಡಿಮೆ. ಜನವರಿಯ ತಿಳಿಬಿಸಿಲಿನಲ್ಲಿ ಮೂರೂ ಅಂದವಾಗಿಯೇ ಕಂಡವು. ಜನವರಿಯಲ್ಲಿ ಕರಾವಳಿಯ ಯಾವ ಮನೆ ತಾನೆ ಅಂದವಾಗಿ ಕಾಣದು!

ಹೆಸರುಗಳಲ್ಲಿ ಅಡಗಿದ ಭೂಗೋಳ

ಮಂಗಳೂರಿನ ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ನದಿ. ಫಲ್ಗುಣಿ ಎಂಬುದು ಈ ಎರಡನೆಯದರ ಇನ್ನೊಂದು ಹೆಸರು. ಗುರುಪುರ ನದಿಯು ಕೂಳೂರಿನ ಬಳಿ ಕಡಲಿನ ಸಮೀಪಕ್ಕೆ ಬಂದರೂ ನೇರವಾಗಿ ಕಡಲನ್ನು ಸೇರದೆ, ಮರಳಿನ ದಿಬ್ಬವೊಂದನ್ನು ಬಲಕ್ಕೆ ಬಿಟ್ಟುಕೊಂಡು ತೆಂಕಣಕ್ಕೆ ಹರಿದು ನೇತ್ರಾವತಿಯನ್ನು ಕೂಡುವುದು. ಎರಡೂ ನದಿಗಳಿಗೆ ಕಡಲಿನ ಬಾಗಿಲು ಒಂದೇ. ಹಳೆಯ ಬಂದರು ಆ ಬಾಗಿಲಿನ ಒಳಗಿದೆ. ಬಂದರಿನ ಬದಿಯಿಂದ ಪೂರ್ವಕ್ಕೆ ನಡೆದರೆ ನೆಲವು ಏರಿ, ಇಳಿದು, ಮತ್ತೆ ಏರುವುದು. ತಲೆ ಚಪ್ಪಟೆಯಾದ ಗುಡ್ಡಗಳು, ಅವುಗಳ ನಡುವೆ ಕಿರಿದಾದ ತಗ್ಗುಗಳು. ನಗರವೆಲ್ಲ ಇದೇ ಅಚ್ಚಿನದು.

ಈ ಏರುತಗ್ಗುಗಳನ್ನು ಇಲ್ಲಿನ ಬೇಸಾಯಗಾರರು ಬಹುಕಾಲದ ಹಿಂದೆಯೇ ವರ್ಗೀಕರಿಸಿದ್ದರು. ಮಳೆಯ ನೀರನ್ನೇ ನಂಬಿದ ಎತ್ತರದ ಗದ್ದೆಗೆ ಬೆಟ್ಟು, ನಡುಮಟ್ಟದ್ದಕ್ಕೆ ಮಜಲು, ತೋಡಿನ ಬದಿಯ ತಗ್ಗಿನದಕ್ಕೆ ಬೈಲು ಎಂದು ಹೆಸರು. ಬೆಟ್ಟಿನಲ್ಲಿ ಒಂದು ಬೆಳೆ, ಮಜಲಿನಲ್ಲಿ ಎರಡು. ಬೈಲಿನಲ್ಲಾದರೆ ಏಣೆಲು, ಸುಗ್ಗಿಗಳ ಮೇಲೆ ಬೇಸಿಗೆಯ ಕೊಳಕೆ ಬೆಳೆಯೂ ಸೇರಿ ಮೂರು. ಈ ಕೊಳಕೆಯ ಮಾತನ್ನು ಮನೆ ಕೊಳ್ಳುವವರು ಗಮನಿಸಬೇಕು. ಕಡುಬೇಸಿಗೆಯಲ್ಲಿಯೂ ಬತ್ತ ಬೆಳೆಯುವಷ್ಟು ನೀರು ಯಾವ ನೆಲದಲ್ಲಿ ನಿಲ್ಲುತ್ತಿತ್ತೋ, ಆ ನೆಲದ ಮೇಲೆ ನಾಲ್ಕು ಅಡಿ ಕೆಂಪುಮಣ್ಣು ಸುರಿದ ಮಾತ್ರಕ್ಕೆ ನೀರು ತನ್ನ ಸ್ವಭಾವವನ್ನು ಬಿಡಲಾರದು.

ಗದ್ದೆಗಳು ಹೋದವು, ಹೆಸರುಗಳು ಉಳಿದವು. ಕೊಡಿಯಾಲಬೈಲಿನಲ್ಲಿ ಈಗ ಹೋಟೆಲುಗಳೂ ಕಛೇರಿಗಳೂ ತುಂಬಿವೆ. ಬೈಲು ಎಂಬ ಹೆಸರು ಮಾತ್ರ ಹಾಗೆಯೇ ಇದೆ. ಪದವು ಎಂದರೆ ಗುಡ್ಡದ ಮೇಲಿನ ಚಪ್ಪಟೆ ನೆಲ. ಪದವಿನಂಗಡಿ ಎಂಬ ಹೆಸರು ಅದನ್ನು ಹೇಳುವುದು. ಹೊಯ್ಗೆ ಎಂದರೆ ಮರಳು. ಹೊಯ್ಗೆಬಜಾರು ನದಿಯ ದಂಡೆಯಲ್ಲಿದೆ. ಮೊಗರು ಎಂದರೆ ಹೊಳೆಯ ಬದಿಯ ತಗ್ಗುನೆಲ. ಜಪ್ಪಿನಮೊಗರು ನೇತ್ರಾವತಿಯ ಮಗ್ಗುಲಿಗಿದೆ. ಗುಜ್ಜರಕೆರೆ, ಎಮ್ಮೆಕೆರೆ ಎಂಬಲ್ಲಿನ ಕೆರೆ ಶಬ್ದಕ್ಕೆ ಅರ್ಥ ಹೇಳಬೇಕಾಗಿಲ್ಲ. ಬಾವುಟಗುಡ್ಡೆ ಎಂಬ ಹೆಸರಿನಲ್ಲಿ ಎತ್ತರವೂ ಬಂದರಿನ ನೆನಪೂ ಒಟ್ಟಿಗೆ ಇವೆ. ಆದರೆ ಹೊಸ ಬಡಾವಣೆಗಳಿಗೆ ಇಡುವ ಹೆಸರುಗಳನ್ನು ಈ ರೀತಿ ನಂಬುವಂತಿಲ್ಲ. ತಗ್ಗನ್ನು ತುಂಬಿಸಿ ಅದಕ್ಕೆ ಬೆಟ್ಟದ ಹೆಸರಿಡುವುದನ್ನು ಯಾವ ಕಾಯಿದೆಯೂ ತಡೆಯುವುದಿಲ್ಲ. ಆದುದರಿಂದ ಫಲಕದ ಮೇಲಿನ ಹೆಸರನ್ನು ಬಿಟ್ಟು, ಅಲ್ಲಿನ ಹಿರಿಯರು ಆ ಜಾಗವನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಬೇಕು.

ಮೊದಲನೆಯ ಮನೆ: ಬೈಲಿನ ಲೆಕ್ಕ

ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವುದು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿದುಹೋಗುವುದು. ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಎಂದರೆ ಇಲ್ಲಿ ಅಪೂರ್ವವಲ್ಲ. ಈ 100 ಮಿಲಿಮೀಟರನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಹಾಗಾದರೆ 100 ಎಕರೆ ಗುಡ್ಡದ ಇಳಿಜಾರಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದಾಗ ಸುಮಾರು 4 ಕೋಟಿ ಲೀಟರ್ ನೀರಾಯಿತು. ಆ ಗುಡ್ಡದ ಬುಡದಲ್ಲಿ 10 ಎಕರೆಯ ಬೈಲು ಇದೆಯೆಂದುಕೊಳ್ಳೋಣ. ನೀರೆಲ್ಲ ಅಲ್ಲಿಗಿಳಿದು, ಹೊರಗೆ ಹೋಗಲು ದಾರಿಯಿಲ್ಲದೆ ನಿಂತರೆ ಅದರ ಆಳವು 1 ಮೀಟರ್. ಬೈಲಿನ ಮೇಲೆಯೇ ಬಿದ್ದ ಮಳೆಯ 10 ಸೆಂಟಿಮೀಟರ್ ಬೇರೆ. ಮೊದಲು ಹೀಗಾಗುತ್ತಿರಲಿಲ್ಲ. ಇಳಿಜಾರಿನ ಮರಗಿಡಗಳೂ ಮಣ್ಣೂ ಒಂದು ಪಾಲನ್ನು ಹೀರುತ್ತಿದ್ದವು. ಉಳಿದುದು ನಿಧಾನವಾಗಿ ಇಳಿದು ಗದ್ದೆಯ ಬದುಗಳ ನಡುವೆ ತಂಗಿ, ತೋಡಿನಲ್ಲಿ ಹರಿದು ಹೊಳೆ ಸೇರುತ್ತಿತ್ತು. ಗುಡ್ಡದ ಮೇಲೆ ಈಗ ತಾರಸಿಗಳೂ ಕಾಂಕ್ರೀಟು ರಸ್ತೆಗಳೂ ಆಗಿರುವುದರಿಂದ ನೀರು ಒಮ್ಮೆಗೇ ಇಳಿದುಬರುವುದು. ಕೆಳಗೆ ತೋಡು ಕಿರಿದಾಗಿದೆ. ಕೆಲವೆಡೆ ಅದರ ಮೇಲೆ ಚಪ್ಪಡಿ ಹಾಸಿ ಅದು ಇರುವುದೇ ಮರೆತುಹೋಗಿದೆ. 2018ರ ಮೇ 29ರಂದು, ಮುಂಗಾರು ಸರಿಯಾಗಿ ಕಾಲಿಡುವ ಮುನ್ನವೇ ಸುರಿದ ಮಳೆಗೆ ಕೊಟ್ಟಾರಚೌಕಿ, ಪಂಪ್‌ವೆಲ್ ಮೊದಲಾದ ಕಡೆ ರಸ್ತೆಗಳು ಹೊಳೆಗಳಾದವು. ಮನೆ ಅಂಗಡಿಗಳಿಗೆ ನೀರು ನುಗ್ಗಿತು. ಆ ದಿನ ಮಳೆ ಅತಿಯಾಯಿತೆಂಬುದು ನಿಜ. ಆದರೆ ನೀರು ಎಲ್ಲಿ ನಿಂತಿತೆಂಬುದನ್ನು ಮಳೆಯು ಆರಿಸಲಿಲ್ಲ, ನೆಲದ ತಗ್ಗು ಆರಿಸಿತು.

ರೇವುಪಟ್ಟಣವಾದುದರಿಂದ ಇಲ್ಲಿ ಇನ್ನೊಂದು ತೊಡಕೂ ಉಂಟು. ತೋಡಿನ ನೀರು ಕೊನೆಗೆ ಸೇರಬೇಕಾದದ್ದು ಹೊಳೆಯನ್ನು, ಹೊಳೆ ಸೇರಬೇಕಾದದ್ದು ಕಡಲನ್ನು. ಕಡಲಿನ ಮಟ್ಟವಾದರೋ ದಿನಕ್ಕೆ ಎರಡು ಬಾರಿ ಏರುವುದು, ಎರಡು ಬಾರಿ ಇಳಿಯುವುದು. ಮಂಗಳೂರಿನಲ್ಲಿ ಭರತಕ್ಕೂ ಇಳಿತಕ್ಕೂ ನಡುವಣ ಅಂತರ ಹುಣ್ಣಿಮೆ ಅಮಾವಾಸ್ಯೆಗಳ ಹತ್ತಿರ ಒಂದು ಮೀಟರನ್ನು ಮೀರುವುದು. ಬಾಗಿಲು ಒಂದೇ, ಒಳಗಿನಿಂದ ಮಳೆನೀರು ಹೊರಡುವ ಹೊತ್ತಿಗೆ ಹೊರಗಿನಿಂದ ಭರತವು ಬಂದು ನಿಂತರೆ ತೋಡಿನ ನೀರು ಮುಂದಕ್ಕೆ ಹೋಗಲಾರದೆ ಹಿಂದಕ್ಕೆ ಸರಿಯುವುದು. ಒಂದೇ ಪ್ರಮಾಣದ ಮಳೆ ಇಳಿತದ ಹೊತ್ತಿನಲ್ಲಿ ಬಿದ್ದರೆ ಮೊಣಕಾಲಿನವರೆಗೆ, ಭರತದ ಹೊತ್ತಿನಲ್ಲಿ ಬಿದ್ದರೆ ಸೊಂಟದವರೆಗೆ ನೀರು ಬರುವ ಮನೆಗಳು ಇರಬಹುದು. ಮೇಲಾಗಿ, 1901ರಿಂದ 2018ರೊಳಗೆ ಲೋಕದ ಕಡಲುಗಳ ಸರಾಸರಿ ಮಟ್ಟವು ಸುಮಾರು 20 ಸೆಂಟಿಮೀಟರ್ ಏರಿದೆಯೆಂದೂ, 2006ರಿಂದ 2018ರವರೆಗೆ ಏರಿಕೆಯ ವೇಗವು ವರ್ಷಕ್ಕೆ 3.7 ಮಿಲಿಮೀಟರ್ ಆಗಿದ್ದಿತೆಂದೂ ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರೀ ಸಮಿತಿಯು 2021ರ ವರದಿಯಲ್ಲಿ ಹೇಳಿದೆ. ಈ ವೇಗವೇ ಮುಂದುವರಿದರೂ 30 ವರ್ಷಗಳಲ್ಲಿ 11 ಸೆಂಟಿಮೀಟರ್ ಆಗುವುದು. ಇದು ಕೇಳಲು ಅಲ್ಪ. ಆದರೆ ತೋಡಿನ ಬಾಯಿಯ ಬಳಿ ಇಳಿಜಾರು ಸೆಂಟಿಮೀಟರುಗಳ ಲೆಕ್ಕದಲ್ಲಿಯೇ ಇರುವುದು.

ಎರಡನೆಯ ಮನೆ: ಗುಡ್ಡವೆಂದರೆ ಬಂಡೆಯಲ್ಲ

ಇಷ್ಟನ್ನು ಕೇಳಿದವರು, ಹಾಗಾದರೆ ಗುಡ್ಡವೇ ಲೇಸೆಂದು ಕಡಲು ಕಾಣುವ ಎರಡನೆಯ ಮನೆಗೆ ಓಡುವುದು ಸಹಜ. ಓಡುವ ಮೊದಲು ಗುಡ್ಡವನ್ನು ಕತ್ತರಿಸಿದ ಜಾಗವೊಂದರ ಮುಂದೆ ಐದು ನಿಮಿಷ ನಿಲ್ಲಬೇಕು.

ಮೇಲಿನ ಪದರವು ಮುರಕಲ್ಲು. ಘಟ್ಟದ ಮೇಲಿನವರು ಇದನ್ನು ಜಂಬಿಟ್ಟಿಗೆ ಎನ್ನುವರು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಜನರು ಇದನ್ನು ಇಟ್ಟಿಗೆಗಳಂತೆ ಕಡಿದು ತೆಗೆಯುವುದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ಈ ಹೆಸರು ಲೋಕಕ್ಕೆಲ್ಲ ಹಬ್ಬಿತು. ಬಿಸಿಲೂ ಮಳೆಯೂ ವರ್ಷವರ್ಷವೂ ಸರದಿಯ ಮೇಲೆ ಬರುವ ನಾಡಿನಲ್ಲಿ, ತಳದ ಬಂಡೆಯು ಕೊಳೆಯುತ್ತಾ ಅದರೊಳಗಿನ ಸಿಲಿಕವೂ ಸುಣ್ಣ ಮೊದಲಾದ ಅಂಶಗಳೂ ನೀರಿನೊಡನೆ ಕೊಚ್ಚಿಹೋಗಿ, ಕಬ್ಬಿಣ ಅಲ್ಯೂಮಿನಿಯಮುಗಳ ಆಕ್ಸೈಡುಗಳು ಉಳಿಯುವುದರಿಂದ ಈ ಕೆಂಪು ಕಲ್ಲು ಆಗುವುದು. ಕಡಿಯುವಾಗ ಮೃದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಇದರ ಮೇಲೆ ನಿಂತ ಮನೆಗೆ ಅಡಿಪಾಯದ ಚಿಂತೆ ಕಡಿಮೆ.

ಆದರೆ ಮುರಕಲ್ಲು ಗುಡ್ಡದ ಟೋಪಿಯೇ ಹೊರತು ಗುಡ್ಡವಲ್ಲ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣಗಳು ಬೆರೆತ ನಯವಾದ ಮಣ್ಣಿನ ಪದರವಿರುವುದು. ಇದಕ್ಕೆ ಕರಾವಳಿಯಲ್ಲಿ ಶೇಡಿಮಣ್ಣು ಎಂದು ಹೆಸರು. ಬೇಸಿಗೆಯಲ್ಲಿ ಇದನ್ನು ಹಾರೆಯಿಂದ ಕಡಿಯಬೇಕು, ಅಷ್ಟು ಗಟ್ಟಿ. ನೀರು ಕುಡಿಯಿತೆಂದರೆ ಈ ಗಟ್ಟಿತನವೆಲ್ಲ ಕರಗಿ ಕೆಸರಾಗುವುದು. ಗುಡ್ಡವು ತನ್ನ ಸಹಜವಾದ ಓರೆಯಲ್ಲಿ ಇರುವವರೆಗೆ ಶೇಡಿಯು ಮುಚ್ಚಿಕೊಂಡಿರುವುದು. ನಿವೇಶನಕ್ಕಾಗಿ ಗುಡ್ಡವನ್ನು ನೆಟ್ಟಗೆ ಕತ್ತರಿಸಿದಾಗ ಅದು ಬಯಲಾಗುವುದು. ಮೇಲಿಂದ ಮುರಕಲ್ಲಿನ ರಂಧ್ರಗಳ ಮೂಲಕ ಇಳಿದ ನೀರು ಶೇಡಿಯನ್ನು ತಲುಪಿ, ಅದನ್ನು ನೆನೆಸಿ, ಕತ್ತರಿಸಿದ ಮುಖದಲ್ಲಿ ಜಿನುಗುವುದು. ಆಗ ಕೆಳಗಿನ ಶೇಡಿ ಜಾರಿ, ಆಸರೆ ತಪ್ಪಿದ ಮೇಲಿನ ಕಲ್ಲು ಕಳಚಿ ಬೀಳುವುದು. 2019ರ ಆಗಸ್ಟಿನಲ್ಲಿ ಪಡೀಲು ಕುಲಶೇಖರಗಳ ನಡುವೆ ರೈಲುದಾರಿಯ ಮೇಲೆ ಗುಡ್ಡ ಕುಸಿದು ಕೊಂಕಣ ಮಾರ್ಗದ ಗಾಡಿಗಳು ನಿಂತದ್ದು ಹಲವರ ನೆನಪಿನಲ್ಲಿರಬಹುದು.

ಹಾಗಾಗಿ ಗುಡ್ಡದ ಮನೆಯನ್ನು ನೋಡುವಾಗ ಮುಂದಿನ ಕಡಲನ್ನು ನೋಡುವುದಕ್ಕಿಂತ ಹಿಂದಿನ ಗೋಡೆಯನ್ನು ನೋಡುವುದು ಮುಖ್ಯ. ಹಿತ್ತಿಲಿನಲ್ಲಿ ಕತ್ತರಿಸಿದ ಗುಡ್ಡ ಎಷ್ಟು ಎತ್ತರವಿದೆ? ಕಲ್ಲಿನ ಕೆಳಗೆ ಬಿಳುಪು ಪದರ ಕಾಣುತ್ತಿದೆಯೆ? ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರಲು ಕೊಳವೆಗಳಿವೆಯೆ, ಅವು ಮುಚ್ಚಿಹೋಗಿಲ್ಲವಷ್ಟೆ? ಗೋಡೆಯು ಹೊಟ್ಟೆಯುಬ್ಬಿದಂತೆ ಮುಂದಕ್ಕೆ ಬಾಗಿದ್ದರೆ ಅದು ಹಿಂದಿನ ನೀರಿನ ಒತ್ತಡವನ್ನು ಹೊತ್ತಿದೆಯೆಂದೇ ತಿಳಿಯಬೇಕು. ಮಹಡಿಯ ಕೆಳಗೆ ಅಂಚಿನಲ್ಲಿಯೇ ಗುಡ್ಡವನ್ನು ಇನ್ನೊಬ್ಬರು ಕಡಿದಿದ್ದರಂತೂ ನಮ್ಮ ಮನೆಯ ಭದ್ರತೆ ಅವರ ಕೈಯಲ್ಲಿದೆ.

ಬಾವಿಯ ಸಂಗತಿ

ನಗರಕ್ಕೆ ಕುಡಿಯುವ ನೀರು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ಬರುವುದು. ಆದರೂ ಮಂಗಳೂರಿನ ಮನೆಗಳಲ್ಲಿ ಬಾವಿಗೆ ಇರುವ ಮರ್ಯಾದೆ ಇನ್ನೂ ಹೋಗಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅಣೆಕಟ್ಟಿನ ಮಟ್ಟ ಇಳಿದಾಗ ಅದು ಇನ್ನಷ್ಟು ಹೆಚ್ಚುವುದು. ಪದವಿನ ಮೇಲೆ ನೀರು ಬೇಗ ಇಂಗಿಹೋಗುವುದರಿಂದ ಬಾವಿ ಬಹಳ ಆಳ, ಬೇಸಿಗೆಯಲ್ಲಿ ಬತ್ತುವ ಭಯ. ಹೀಗೆ ಇಂಗಿದ ನೀರೇ ಇಳಿಜಾರಿನ ಬುಡದಲ್ಲಿ ಒರತೆಯಾಗಿ ಬರುವುದರಿಂದ ಅಲ್ಲಿನ ಬಾವಿಗಳು ಒಳ್ಳೆಯವು. ಹೊಳೆ, ಕಡಲುಗಳ ಬದಿಯಲ್ಲಿ ಮಾತ್ರ ಬೇರೊಂದು ನಿಯಮ ನಡೆಯುವುದು.

ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಹೆಚ್ಚು ಸಾಂದ್ರ. ಆದುದರಿಂದ ಮರಳಿನಲ್ಲಿ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲುವುದು. ಈ ತೇಲುವಿಕೆಯ ಲೆಕ್ಕವನ್ನು ಡಚ್ಚರ ಬಾಡನ್ ಗೈಬೆನ್ನನೂ ಜರ್ಮನಿಯ ಹರ್ಟ್ಸ್‌ಬರ್ಗನೂ ಬೇರೆಬೇರೆಯಾಗಿ ಕಂಡುಹಿಡಿದರು. ಬಾವಿಯ ನೀರಿನ ಮಟ್ಟವು ಕಡಲಿನ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಕಡಲಿನ ಮಟ್ಟದಿಂದ ಕೆಳಗೆ ಸುಮಾರು 40 ಮೀಟರುಗಳವರೆಗೆ ಸಿಹಿನೀರು ಇರುವುದೆಂದು ಅದರ ಸಾರ. ಪಣಂಬೂರಿನ ದಕ್ಷಿಣಕ್ಕೆ, ಕಡಲಿಗೂ ಗುರುಪುರ ನದಿಗೂ ನಡುವಣ ಮರಳಿನ ಪಟ್ಟಿಯ ಮೇಲಿನ ಊರಿಗೆ ತಣ್ಣೀರುಬಾವಿ ಎಂದು ಹೆಸರು. ಎರಡು ಕಡೆ ಉಪ್ಪುನೀರು, ನಡುವೆ ತಣ್ಣೀರಿನ ಬಾವಿ! ಮೇಲಿನ ಲೆಕ್ಕವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ಲೆಕ್ಕದ ಇನ್ನೊಂದು ಮುಖವು ಕಠಿನವಾದುದು. ಯಂತ್ರದಿಂದ ನೀರೆತ್ತಿ ಬಾವಿಯ ಮಟ್ಟವನ್ನು 10 ಸೆಂಟಿಮೀಟರ್ ಇಳಿಸಿ, ಅಲ್ಲಿಯೇ ನಿಲ್ಲಿಸಿದರೆ ಕೆಳಗಿನ ಉಪ್ಪುನೀರು ಕ್ರಮೇಣ 4 ಮೀಟರ್ ಮೇಲೇರುವುದು. ನಮ್ಮ ಬಾವಿಯನ್ನು ನಾವು ಹಿತವಾಗಿ ಬಳಸಿದರೂ, ಪಕ್ಕದಲ್ಲಿ ಎದ್ದ ಬಹುಮಹಡಿಯ ಕಟ್ಟಡವು ಹಗಲಿರುಳು ಕೊಳವೆಬಾವಿಯಿಂದ ನೀರೆತ್ತಿದರೆ ಉಪ್ಪು ನಮ್ಮ ಬಾವಿಗೂ ಬರುವುದು. ನೆರೆಹೊರೆ ಎಂಬುದು ನೆಲದ ಕೆಳಗೂ ಉಂಟು.

ಇದನ್ನು ಪರೀಕ್ಷಿಸುವ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಬಹುದು. ಬಾವಿಯ ನೀರನ್ನು ಶುದ್ಧವಾದ ಸೀಸೆಯಲ್ಲಿ ತಂದು, ಕಾಲೇಜಿನ ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರ ಎದುರಿನಲ್ಲಿ ಅದಕ್ಕೆ ಕೆಲವು ತೊಟ್ಟು ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹಾಕಬೇಕು. ಕ್ಲೋರೈಡು ಇದ್ದರೆ ಬಿಳಿಯ ಸಿಲ್ವರ್ ಕ್ಲೋರೈಡಾಗಿ ನೀರು ಕದಡುವುದು. ಬಟ್ಟಿಯಿಳಿಸಿದ ನೀರಿಗೂ ಮನೆಯ ನಲ್ಲಿಯ ನೀರಿಗೂ ಇದೇ ರೀತಿ ಮಾಡಿ ಹೋಲಿಸಿದರೆ ಹೆಚ್ಚುಕಡಿಮೆ ಗೊತ್ತಾಗುವುದು. ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡು ಇರದಿರುವುದು ಒಳ್ಳೆಯದೆಂದು ಭಾರತೀಯ ಮಾನಕವು ಹೇಳುವುದು. ಕಡಲ ನೀರಿನಲ್ಲಿ ಅದು ಸುಮಾರು 19,000 ಮಿಲಿಗ್ರಾಂ. ಹಾಗಾದರೆ 76 ಲೋಟ ನೀರಿನಲ್ಲಿ ಒಂದೇ ಲೋಟ ಕಡಲ ನೀರು ಸೇರಿದರೂ ಈ ಮಿತಿ ಮುಟ್ಟಿದಂತೆ. ಸೀಸೆಯನ್ನು ತುಂಬಬೇಕಾದುದು ಮೇ ತಿಂಗಳಿನಲ್ಲಿ. ಆಗಸ್ಟಿನಲ್ಲಿ ಯಾವ ಬಾವಿಯೂ ತನ್ನ ಗುಟ್ಟನ್ನು ಬಿಟ್ಟುಕೊಡದು.

ಮೂರನೆಯ ಮನೆ: ಬಂದರಿನ ಗಾಳಿ

ಹಳೆಯ ಬಂದರಿನ ಬಾಯಲ್ಲಿ ಮರಳು ತುಂಬುತ್ತಿದ್ದುದರಿಂದ ದೊಡ್ಡ ಹಡಗುಗಳು ದೂರದ ಕಡಲಿನಲ್ಲಿಯೇ ಲಂಗರು ಹಾಕಬೇಕಾಗಿತ್ತು. ಆದಕಾರಣ ಉತ್ತರದ ಪಣಂಬೂರಿನಲ್ಲಿ ನೆಲವನ್ನು ತೋಡಿ ಹೊಸ ಬಂದರನ್ನು ನಿರ್ಮಿಸಲಾಯಿತು. 1962ರಲ್ಲಿ ಕೆಲಸ ಆರಂಭವಾಗಿ, 1974ರ ಮೇ 4ರಂದು ಅದನ್ನು ದೇಶದ ಒಂಬತ್ತನೆಯ ದೊಡ್ಡ ಬಂದರೆಂದು ಘೋಷಿಸಲಾಯಿತು. ಅದರ ಬೆನ್ನಿಗೆ ಗೊಬ್ಬರದ ಕಾರ್ಖಾನೆ, ಅದಿರಿನ ಉಂಡೆ ಮಾಡುವ ಕಾರ್ಖಾನೆ, 1996ರಲ್ಲಿ ತೈಲಶುದ್ಧಿಯ ಸ್ಥಾವರ ಬಂದವು. ಆ ನೆಲದಲ್ಲಿ ಮನೆಮಾರುಗಳಿದ್ದ ಎಷ್ಟೋ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಹೋಗಿ ನೆಲಸಬೇಕಾಯಿತು. ಹಳೆಯ ಬಂದರಾದರೋ ಮೀನುಗಾರಿಕೆಯ ಧಕ್ಕೆಯಾಗಿ, ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಕಟ್ಟೆಯಾಗಿ ಉಳಿಯಿತು. ಒಂದು ತಲೆಮಾರಿನೊಳಗೆ ಊರಿನ ಭಾರವೆಲ್ಲ ಹತ್ತು ಕಿಲೋಮೀಟರ್ ಬಡಗಣಕ್ಕೆ ಸರಿದಂತಾಯಿತು. ರೇವುಪಟ್ಟಣದಲ್ಲಿ ಮನೆ ಕೊಳ್ಳುವವರು ಈಗ ಬಂದರು ಎಲ್ಲಿದೆ ಎಂಬುದರ ಜೊತೆಗೆ ಅದು ಯಾವ ದಿಕ್ಕಿಗೆ ಬೆಳೆಯಲಿದೆ ಎಂಬುದನ್ನೂ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯ ನಕ್ಷೆಯಲ್ಲಿ ನೋಡಬೇಕು.

ಬಂದರಿನ ಸಮೀಪದಲ್ಲಿ ವಾಸಿಸುವವರಿಗೆ ಗಾಳಿಯ ದಿನಚರಿ ಗೊತ್ತಿರಬೇಕು. ಬಿಸಿಲು ಏರಿದಂತೆ ನೆಲವು ಕಡಲಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಗಾಳಿ ಕಡಲಿನಿಂದ ನೆಲದ ಕಡೆಗೆ ಬೀಸುವುದು. ರಾತ್ರಿ ನೆಲವು ಬೇಗ ತಣಿದು, ನೆಲದ ಕಡೆಯಿಂದ ಕಡಲಿಗೆ ಬೀಸುವುದು. ಜನವರಿಯಿಂದ ಏಪ್ರಿಲಿನವರೆಗೆ ಈ ಸರದಿ ಸ್ಪಷ್ಟ; ಮುಂಗಾರಿನಲ್ಲಿ ಪಡುಗಾಳಿಯೇ ಹಗಲಿರುಳು ಮೇಲುಗೈ. ಹೀಗಾಗಿ ಕಾರ್ಖಾನೆ, ಧಕ್ಕೆ, ಅದಿರು ಕಲ್ಲಿದ್ದಲುಗಳ ರಾಶಿಗಳಿಂದ ಪೂರ್ವಕ್ಕಿರುವ ಮನೆಗೆ ಅವುಗಳ ವಾಸನೆ ಧೂಳುಗಳು ಹಗಲಿನಲ್ಲಿ ಬರುವುವು. ಪಶ್ಚಿಮಕ್ಕಿರುವ ಮನೆಗೆ ರಾತ್ರಿಯಲ್ಲಿ. ನಮ್ಮ ಉಪಾಧ್ಯಾಯರು ಮನೆಯನ್ನು ನೋಡಿದ್ದು ಬೆಳಗಿನ ಹತ್ತೂವರೆಗೆ, ಅಂದರೆ ಒಂದು ಗಾಳಿ ನಿಂತು ಇನ್ನೊಂದು ಏಳುವ ಹೊತ್ತಿಗೆ. ಮುಂಜಾನೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಒಂಬತ್ತಕ್ಕೆ ಒಂದೊಂದು ಬಾರಿ ಹೋಗಿ ತಾರಸಿಯ ಮೇಲೆ ಒಂದು ಊದುಬತ್ತಿ ಹಚ್ಚಿ ಹೊಗೆಯ ದಿಕ್ಕನ್ನು ಗುರುತುಹಾಕಿಕೊಂಡರೆ ಮನೆ ತೋರಿಸುವವರ ಮಾತಿಗಿಂತ ಹೆಚ್ಚು ತಿಳಿಯುವುದು. ರಾತ್ರಿಯ ಭೇಟಿಯಿಂದ ಇನ್ನೊಂದು ಪ್ರಯೋಜನವೂ ಉಂಟು. ವಾಸದ ಪ್ರದೇಶಗಳಲ್ಲಿ ಶಬ್ದವು ಹಗಲು 55, ರಾತ್ರಿ 45 ಡೆಸಿಬೆಲನ್ನು ಮೀರಬಾರದೆಂದು 2000ದ ನಿಯಮಗಳು ಹೇಳುವುವು. ಡೆಸಿಬೆಲಿನಲ್ಲಿ 10 ಹೆಚ್ಚಾದರೆ ಶಬ್ದದ ತೀವ್ರತೆ 10 ಪಟ್ಟು, 20 ಹೆಚ್ಚಾದರೆ 100 ಪಟ್ಟು. ಬಂದರಿಗೆ ಹೋಗುವ ಲಾರಿಗಳು ಭಾನುವಾರದ ಬೆಳಿಗ್ಗೆಯನ್ನು ನೋಡಿ ಹೊರಡುವುದಿಲ್ಲ.

ಬಂದರಿನಲ್ಲಿ ಕೂಡಿಡುವ ಸರಕುಗಳಲ್ಲಿ ಕೆಲವು ಅಪಾಯಕರ ಎಂಬುದನ್ನೂ ಮರೆಯಬಾರದು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಧಕ್ಕೆಯಲ್ಲಿ, ಹತ್ತಿಯನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿದು ಸುತ್ತಲಿನ ಕೇರಿಗಳು ಸುಟ್ಟುಹೋದವು, ನೂರಾರು ಜನ ಸತ್ತರು. 2020ರ ಆಗಸ್ಟ್ 4ರಂದು ಬೈರೂತಿನ ಬಂದರಿನಲ್ಲಿ, ವರ್ಷಗಟ್ಟಲೆ ಉಗ್ರಾಣದಲ್ಲಿ ಬಿದ್ದಿದ್ದ 2,750 ಟನ್ನು ಅಮೋನಿಯಂ ನೈಟ್ರೇಟ್ ಸಿಡಿದಾಗ ಮನೆ ಕಳೆದುಕೊಂಡವರು ಸುಮಾರು 3 ಲಕ್ಷ ಮಂದಿ. ಇಂತಹ ದುರಂತಗಳು ವಿರಳ. ಅವುಗಳಿಗೆ ಹೆದರಿ ರೇವುಪಟ್ಟಣಗಳನ್ನೇ ಬಿಡುವಂತಿಲ್ಲ. ಆದರೆ ಅಪಾಯಕರ ರಾಸಾಯನಿಕಗಳನ್ನು ಕುರಿತ 1989ರ ನಿಯಮಗಳ ಪ್ರಕಾರ, ಆಕಸ್ಮಿಕವಾದರೆ ಹೊರಗಿನ ಜನರು ಏನು ಮಾಡಬೇಕೆಂಬ ಯೋಜನೆಯೊಂದು ಇರಬೇಕು, ಸುತ್ತಲಿನವರಿಗೆ ಅದನ್ನು ತಿಳಿಸಿರಬೇಕು. ಆ ಬೀದಿಯಲ್ಲಿ ಹತ್ತು ವರ್ಷ ಇದ್ದವರನ್ನು ಕೇಳಿದಾಗ ಅವರಿಗೆ ಇದರ ಸುಳಿವೂ ಇಲ್ಲದಿದ್ದರೆ ಅದೂ ಒಂದು ಉತ್ತರವೇ.

ತೀರಾ ಕಡಲಂಚಿನ ಮನೆಯನ್ನು ಕುರಿತು ಹೆಚ್ಚು ಹೇಳುವ ಅಗತ್ಯವಿಲ್ಲ. ಉಳ್ಳಾಲ, ಸೋಮೇಶ್ವರಗಳಲ್ಲಿ ಕಡಲ್ಕೊರೆತಕ್ಕೆ ಮನೆಗಳು, ತೆಂಗಿನ ತೋಟಗಳು ಹೋದುದನ್ನು ಕರಾವಳಿಯವರು ಬಲ್ಲರು. ಅಳಿವೆಯ ಬಾಯಿಯ ಉತ್ತರಕ್ಕೆ ಬೆಂಗ್ರೆಯಲ್ಲಿ ಮರಳು ಕೂಡುತ್ತಿದ್ದರೆ ದಕ್ಷಿಣಕ್ಕೆ ಉಳ್ಳಾಲದಲ್ಲಿ ಕರಗುವುದು. ಒಂದು ಕಡೆ ತಂದಿಟ್ಟದ್ದನ್ನು ಕಡಲು ಇನ್ನೊಂದು ಕಡೆಯಿಂದ ತೆಗೆದುಕೊಳ್ಳುವುದು. ಬೆಂಗ್ರೆಯ ಮೀನುಗಾರರು ಅಲ್ಲಿರುವುದು ಅವರ ದುಡಿಮೆ ಅಲ್ಲಿರುವುದರಿಂದ. ಬರಿಯ ನೋಟದ ಆಸೆಗಾಗಿ ಅಲ್ಲಿಗೆ ಹೋಗುವವರು 1991ರಲ್ಲಿ ಮೊದಲು ಹೊರಟು 2011, 2019ರಲ್ಲಿ ಪರಿಷ್ಕೃತವಾದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಓದಿಕೊಂಡು ಹೋಗಬೇಕು.

ಮೂರರಲ್ಲಿ ಯಾವುದು?

ಉಪಾಧ್ಯಾಯರು ಮಗಳ ಮಾತು ಕೇಳಿ ಕಾಗದಪತ್ರಗಳನ್ನು ಮತ್ತೊಮ್ಮೆ ನೋಡಿದರೆಂದು ಇಟ್ಟುಕೊಳ್ಳೋಣ. ಈ ಜಿಲ್ಲೆಯು 1956ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಹಳೆಯ ದಾಖಲೆಗಳಲ್ಲಿ ಗದ್ದೆಗೆ ನಂಜ, ಒಣನೆಲಕ್ಕೆ ಪುಂಜ ಎಂಬ ಮಾತುಗಳು ಬರುವುವು. ಮೊದಲನೆಯ ಮನೆಯ ನೆಲ ನಂಜವಾಗಿದ್ದಿತೆಂದು ಕಂಡರೆ, ಅದು ತೋಡಿನಿಂದ ಎಷ್ಟು ದೂರ, ರಸ್ತೆಗಿಂತ ಎಷ್ಟು ಎತ್ತರ ಎಂದು ಅಳೆಯದೆ ಮುಂದುವರಿಯಬಾರದು. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹಚಿತ್ರಗಳು ಸಿಗುವುವು. ಈಗಿನ ಬಡಾವಣೆ ಆಗ ಹಸುರು ಗದ್ದೆಯಾಗಿದ್ದಿತೆ ಎಂಬುದು ಹಲವೆಡೆ ಒಂದು ನೋಟಕ್ಕೆ ತಿಳಿಯುವುದು. ಎರಡನೆಯ ಮನೆಯು ಅಂಚಿನಿಂದ ಹಿಂದಕ್ಕೆ ಸರಿದಿದ್ದು, ಗುಡ್ಡವನ್ನು ನೆಟ್ಟಗೆ ಕಡಿಯದೆ ಇದ್ದರೆ ಚೆನ್ನು. ಮೂರನೆಯದರ ಕಡಿಮೆ ಬೆಲೆಯಲ್ಲಿ ಗಾಳಿಯ ಬೆಲೆ ಕಳೆದಿದೆ. ಮನೆಯಲ್ಲಿ ಉಬ್ಬಸದವರೋ ಹಸುಗೂಸೋ ಇದ್ದರೆ ನಾವು ಅದನ್ನು ಕೊಳ್ಳೆಂದು ಹೇಳಲಾರೆವು.

ನಮ್ಮ ಒಲವು ಈ ಮೂರರಲ್ಲಿ ಯಾವುದರ ಕಡೆಗೂ ಇಲ್ಲ. ಈ ಜಿಲ್ಲೆಯ ಹಳ್ಳಿಗಳಲ್ಲಿ ಹಳೆಯ ಮನೆಗಳನ್ನು ನೋಡಿದರೆ ಅವು ಬಹುಮಟ್ಟಿಗೆ ಗುಡ್ಡದ ನೆತ್ತಿಯ ಮೇಲೂ ಇಲ್ಲ, ಬೈಲಿನೊಳಗೂ ಇಲ್ಲ. ಗದ್ದೆ ಮುಗಿದು ಏರು ಮೊದಲಾಗುವ ಕಡೆ, ನೆರೆಗೆ ಮೇಲೆ, ಒರತೆಗೆ ಹತ್ತಿರ, ಹಿಂದಿನ ಗುಡ್ಡವನ್ನು ಹೆಚ್ಚು ಕಡಿಯದೆ ಕುಳಿತಿರುವುವು. ನಗರದಲ್ಲಿಯೂ ಅಂತಹ ಬೀದಿಗಳು ಬೇಕಾದಷ್ಟಿವೆ. ಅಲ್ಲಿಂದ ಬಸ್ಸಿಗೆ ಹತ್ತು ನಿಮಿಷ ಹೆಚ್ಚು ನಡೆಯಬೇಕಾಗಬಹುದು, ಕಡಲು ಕಾಣದೆ ಹೋಗಬಹುದು.

ಮಳೆಗಾಲ ಬರುವವರೆಗೆ ಕಾಯಿರಿ ಎಂದು ಮಾರುವವರಿಗೆ ಹೇಳುವುದು ಎಲ್ಲರಿಗೂ ಸಾಧ್ಯವಾಗದು. ಆಗ ಬೇಸಿಗೆಯಲ್ಲಿಯೇ ಮಳೆಗಾಲವನ್ನು ಓದಬೇಕು. ಕಾಂಪೌಂಡಿನ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಹಾದುಹೋದ ಕಂದು ಗೆರೆ, ಪಕ್ಕದ ಮನೆಗಳ ಬಾಗಿಲಿಗೆ ಈಚೆಗೆ ಕಟ್ಟಿಸಿದ ಎತ್ತರದ ಹೊಸ್ತಿಲು, ನೆಲದಿಂದ ಆಳೆತ್ತರಕ್ಕೆ ಏರಿಸಿದ ವಿದ್ಯುತ್ ಮೀಟರು ಇವುಗಳನ್ನು ಹುಡುಕಬೇಕು. ಹಾಲು ಹಾಕುವವರನ್ನೂ ಅಂಚೆಯವರನ್ನೂ ಆಟೋರಿಕ್ಷಾದವರನ್ನೂ ಕೇಳಬೇಕು. ಅವರಿಗೆ ಮನೆ ಮಾರುವ ಆತುರವಿಲ್ಲ. ಎಲ್ಲಕ್ಕಿಂತ ಮೊದಲು ಆ ಬೀದಿಯ ಜಿನಸಿನ ಅಂಗಡಿಗೆ ಹೋಗಿ ಅರ್ಧ ಕಿಲೋ ಸಕ್ಕರೆ ಕೊಂಡು, ಅಕ್ಕಿಯ ಮೂಟೆಗಳನ್ನು ನೆಲದಿಂದ ಎಷ್ಟು ಎತ್ತರದ ಹಲಗೆಯ ಮೇಲೆ ಪೇರಿಸಿದ್ದಾರೆಂದು ನೋಡಿಕೊಂಡು ಬರಬೇಕು.